ಬಾದಶಹನ ಮುಖ ಕೊನೆಗೆ ನೋಡಿ: ಚಿಕಣಿ ಚಿತ್ರಗಳಲ್ಲಿ ಅರಸರನ್ನು ಓದುವ ಬಗೆ

ವಿಜಯಪುರದ ಇಬ್ರಾಹಿಂ ರೋಜಾದ ಮೆಟ್ಟಿಲ ಮೇಲೆ ಕೂತು ನಾನು ಮೊದಲ ಸಲ ಎರಡನೇ ಇಬ್ರಾಹಿಂ ಆದಿಲ್‌ಶಾಹನ ಚಿತ್ರ ನೋಡಿದೆ. ಬೆನ್ನ ಹಿಂದೆ ಅವನ ಗೋರಿ, ಕೈಯಲ್ಲಿ ಫೋನು. ಫೋನಿನಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಒಂದು ಚಿಕಣಿ ಚಿತ್ರ. ಸುತ್ತ ದಟ್ಟ ಹಸಿರು, ನಡುವೆ ನಿಂತ ಅರಸ, ಮೈಮೇಲೆ ತೆಳುವಾದ ಮಲ್‌ಮಲ್ ಅಂಗಿ. ಅರಸ ಅಂದಮೇಲೆ ಕತ್ತಿ ಹಿಡಿದಿರಬೇಕು ಅಲ್ವಾ ಅಂತ ಕೈ ಕಡೆ ನೋಡಿದೆ. ಕೈಯಲ್ಲಿದ್ದದ್ದು ತಾಳ ಹಾಕುವ ಚಿಟಿಕೆ. ಆ ಒಂದು ವಸ್ತು ಅವನ ಬಗ್ಗೆ ಹೇಳಿದಷ್ಟನ್ನು ಅವನ ಮುಖ ಹೇಳಿರಲಿಲ್ಲ.

ಅವತ್ತಿನಿಂದ ಒಂದು ರೂಢಿ ಮಾಡಿಕೊಂಡಿದ್ದೇನೆ. ಅರಸರ ಚಿಕಣಿ ಚಿತ್ರ ಸಿಕ್ಕರೆ ಮುಖವನ್ನು ಕೊನೆಗೆ ನೋಡುತ್ತೇನೆ. ನಾವು ಫೋಟೋ ನೋಡಿ ಬೆಳೆದವರು, ಮೊದಲು ಮುಖಕ್ಕೇ ಕಣ್ಣು ಹೋಗುತ್ತದೆ, ‘ಓ, ಇವನು ಹೀಗಿದ್ದನಾ’ ಅಂದುಕೊಂಡು ಮುಂದಿನ ಚಿತ್ರಕ್ಕೆ ಹೋಗಿಬಿಡುತ್ತೇವೆ. ಆದರೆ ಈ ಚಿತ್ರಗಳನ್ನು ಬರೆಸಿದವನು ಅರಸ. ತಾನು ಹೇಗೆ ಕಾಣಬೇಕು ಅನ್ನುವುದು ಅವನದೇ ಮಾತು. ಆ ಮಾತು ಇರುವುದು ಕೈಯಲ್ಲಿ, ಬಟ್ಟೆಯಲ್ಲಿ, ಕಾಲ ಕೆಳಗೆ, ಪಕ್ಕದಲ್ಲಿ ನಿಂತವರಲ್ಲಿ. ಅದನ್ನು ಓದುವುದು ಕಷ್ಟವೇನಲ್ಲ. ನಾನು ನೋಡುವ ಕ್ರಮವನ್ನೇ ಇಲ್ಲಿ ಹೇಳುತ್ತೇನೆ.

ಮೊದಲು ಹತ್ತಿರ ಹೋಗಿ

ಚಿಕಣಿ ಚಿತ್ರ ಗೋಡೆಗೆ ಅಂತ ಬರೆದದ್ದಲ್ಲ. ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ ಗಟ್ಟಿ ಮಾಡಿದ ವಸ್ಲಿ ಕಾಗದದ ಮೇಲೆ, ಅಳಿಲಿನ ಕೂದಲಿನ ಕುಂಚದಿಂದ ಬರೆದು, ನಯವಾದ ಕಲ್ಲಿನಿಂದ ಉಜ್ಜಿ ಹೊಳಪು ಕೊಟ್ಟ ಹಾಳೆ ಅದು. ಪುಸ್ತಕದಲ್ಲೋ ಆಲ್ಬಮ್ಮಿನಲ್ಲೋ ಸೇರಿಸಿ, ತೊಡೆಯ ಮೇಲೆ ಇಟ್ಟುಕೊಂಡು ನೋಡುತ್ತಿದ್ದರು. ನೋಟ್‌ಬುಕ್ ಹಾಳೆಯಷ್ಟು ಅಳತೆ. ಮ್ಯೂಸಿಯಂನಲ್ಲಿ ಗಾಜಿನ ಆಚೆ, ಮಂದ ಬೆಳಕಿನಲ್ಲಿ, ಮೂರಡಿ ದೂರದಿಂದ ನೋಡಿದರೆ ಅರ್ಧ ಚಿತ್ರ ಕಾಣುವುದೇ ಇಲ್ಲ.

ಹಾಗಾಗಿ ಫೋನಿನಲ್ಲಿ ನೋಡುವುದು ಕಡಿಮೆಯದು ಅಂದುಕೊಳ್ಳಬೇಡಿ. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂ, ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಇವೆಲ್ಲ ತಮ್ಮ ಎಷ್ಟೋ ಚಿತ್ರಗಳನ್ನು ದೊಡ್ಡ ಅಳತೆಯಲ್ಲಿ ಉಚಿತವಾಗಿ ಹಾಕಿವೆ. ಡೌನ್‌ಲೋಡ್ ಮಾಡಿಕೊಳ್ಳಿ, ಎರಡು ಬೆರಳಿನಿಂದ ಹಿಗ್ಗಿಸಿ. ಮುತ್ತಿನ ಹಾರದ ಒಂದೊಂದು ಮುತ್ತೂ ದಪ್ಪ ಬಿಳಿ ಬಣ್ಣದ ಉಬ್ಬಿದ ಚುಕ್ಕಿ ಅಂತ ಆಗ ಗೊತ್ತಾಗುತ್ತದೆ. ಚಿನ್ನದ ಬಣ್ಣ ಹಚ್ಚಿದ ಜಾಗದಲ್ಲಿ ಸಣ್ಣ ಸಣ್ಣ ಗುಳಿಗಳು ಕಂಡರೆ ಹಾಳೆ ಕೆಟ್ಟಿದೆ ಅಂತಲ್ಲ. ಬೆಳಕು ಬಿದ್ದಾಗ ಮಿನುಗಲಿ ಅಂತ ಸೂಜಿಯಿಂದ ಚುಚ್ಚಿರುತ್ತಾರೆ. ಹಿಮಾಲಯದ ತಪ್ಪಲಿನ ಬಸೋಹ್ಲಿಯ ಪಹಾಡಿ ಚಿತ್ರಗಳಲ್ಲಿ ಪಚ್ಚೆ ಕಲ್ಲು ಇರಬೇಕಾದ ಕಡೆ ಜೀರುಂಡೆಯ ರೆಕ್ಕೆಯ ಚೂರು ಅಂಟಿಸಿರುತ್ತಾರೆ. ನಮ್ಮ ಮೈಸೂರು ಚಿತ್ರಗಳಲ್ಲಿ ಮಕ್ಕಿ ಸಫೇದಾ ಅನ್ನುವ ಲೇಪದಿಂದ ಒಡವೆಯನ್ನು ಉಬ್ಬಿಸಿ ಮೇಲೆ ಚಿನ್ನದ ರೇಕು ಕೂರಿಸುತ್ತಾರಲ್ಲ, ಅದೂ ಇದೇ ಆಸೆಯ ಕೆಲಸ. ದೀಪದ ಬೆಳಕಿನಲ್ಲಿ ಒಡವೆ ಒಡವೆಯಂತೆಯೇ ಹೊಳೆಯಬೇಕು.

ಒಂದು ಎಚ್ಚರಿಕೆ. ಅಂತರ್ಜಾಲದಲ್ಲಿ ಎಡಬಲ ತಿರುಗಿದ ಚಿತ್ರಗಳು ಜಾಸ್ತಿ ಓಡಾಡುತ್ತವೆ. ಮುಂದೆ ಹೇಳುವ ಗುರುತುಗಳಲ್ಲಿ ಎಡ, ಬಲ ಮುಖ್ಯ. ಆದ್ದರಿಂದ ಚಿತ್ರವನ್ನು ಇಟ್ಟುಕೊಂಡಿರುವ ಮ್ಯೂಸಿಯಂನ ತಾಣದಿಂದಲೇ ತೆಗೆದುಕೊಳ್ಳಿ.

ಯಾರು ಯಾರ ಕಡೆ ನೋಡುತ್ತಿದ್ದಾರೆ

ಚಿತ್ರದಲ್ಲಿ ಜನ ತುಂಬಿದ್ದರೆ ಅರಸನನ್ನು ಹುಡುಕಲು ಕಣ್ಣುಗಳ ಜಾಡು ಹಿಡಿಯಿರಿ. ಕೊಡೆ ಯಾರ ಮೇಲಿದೆ, ಚಾಮರ ಯಾರಿಗೆ ಬೀಸುತ್ತಿದ್ದಾರೆ, ಯಾರ ತಲೆಯ ಹಿಂದೆ ಪ್ರಭಾವಳಿ ಇದೆ ನೋಡಿ.

ಪ್ರಭಾವಳಿಯ ಕತೆ ಚೆನ್ನಾಗಿದೆ. 1580ರಲ್ಲಿ ಜೆಸ್ಯೂಟ್ ಪಾದ್ರಿಗಳು ಅಕ್ಬರನ ಆಸ್ಥಾನಕ್ಕೆ ಬಂದರು. ಅವರ ಜೊತೆ ಯುರೋಪಿನ ಅಚ್ಚಿನ ಚಿತ್ರಗಳೂ ಬಂದವು. ಅಲ್ಲಿ ಸಂತರ ತಲೆಯ ಹಿಂದೆ ಇದ್ದ ಬೆಳಕಿನ ವೃತ್ತವನ್ನು ಮೊಗಲ್ ಚಿತ್ರಕಾರರು ಜಹಾಂಗೀರನ ಕಾಲದಲ್ಲಿ ಬಾದಶಹನ ತಲೆಯ ಹಿಂದೆ ತಂದಿಟ್ಟರು. ಇದರಿಂದ ಒಂದು ಉಪಯೋಗವಿದೆ: ಅಕ್ಬರನಿಗೆ ಪ್ರಭಾವಳಿ ಇರುವ ಚಿತ್ರ ಕಂಡರೆ, ಅದು ಅವನು ತೀರಿಕೊಂಡ ಮೇಲೆ ಮಗನೋ ಮೊಮ್ಮಗನೋ ಬರೆಸಿದ್ದು ಅಂತ ಹೆಚ್ಚುಕಡಿಮೆ ಧೈರ್ಯವಾಗಿ ಹೇಳಬಹುದು. ಡಬ್ಲಿನ್ನಿನ ಚೆಸ್ಟರ್ ಬೀಟಿ ಸಂಗ್ರಹದಲ್ಲಿ ಬಿಚಿತ್ರ್ 1631ರ ಸುಮಾರಿಗೆ ಬರೆದ ಒಂದು ಚಿತ್ರವಿದೆ. ಅದರಲ್ಲಿ ಅಕ್ಬರ್ ನಡುವೆ ಕೂತು ಮೊಮ್ಮಗ ಷಹಜಹಾನನಿಗೆ ಕಿರೀಟ ಕೊಡುತ್ತಿದ್ದಾನೆ, ಜಹಾಂಗೀರ್ ಪಕ್ಕದಲ್ಲಿ ಕೂತಿದ್ದಾನೆ. ಅಕ್ಬರ್ ತೀರಿಕೊಂಡದ್ದು 1605ರಲ್ಲಿ. ತಂದೆಯ ವಿರುದ್ಧವೇ ದಂಗೆ ಎದ್ದಿದ್ದ ಷಹಜಹಾನನಿಗೆ ಅಜ್ಜನ ಕೈಯಿಂದಲೇ ಕಿರೀಟ ಬೇಕಿತ್ತು.

ಕೈಯಲ್ಲಿ ಏನಿದೆ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಹೂವು, ಗಿಡುಗ, ಕತ್ತಿಯ ಹಿಡಿ, ಒಡವೆ, ಪುಸ್ತಕ. ಒಂದೂ ಸುಮ್ನೆ ಇಟ್ಟದ್ದಲ್ಲ. ಪ್ಯಾರಿಸ್ಸಿನ ಗಿಮೆ ಮ್ಯೂಸಿಯಂನ ಒಂದು ಚಿತ್ರದಲ್ಲಿ ಜಹಾಂಗೀರ್ ತನ್ನ ತಂದೆ ಅಕ್ಬರನ ಚಿತ್ರ ಹಿಡಿದು ನಿಂತಿದ್ದಾನೆ. ಇವನೂ ರಾಜಕುಮಾರನಾಗಿದ್ದಾಗ ಅಪ್ಪನಿಗೆ ಎದುರು ನಿಂತು ದಂಗೆ ಎದ್ದವನು. ಇದು ಗೊತ್ತಿದ್ದು ಆ ಕೈ ನೋಡಿದರೆ ಚಿತ್ರ ಬೇರೆಯಾಗಿಯೇ ಕಾಣುತ್ತದೆ.

ನಮ್ಮ ಇಬ್ರಾಹಿಂ ಕಡೆ ಬನ್ನಿ. 1580ರಿಂದ 1627ರವರೆಗೆ ವಿಜಯಪುರ ಆಳಿದವನು. ಸಂಗೀತ ಅಂದರೆ ಪ್ರಾಣ. ತನ್ನ ತಂಬೂರಿಗೆ ಮೋತಿ ಖಾನ್ ಅಂತ ಹೆಸರಿಟ್ಟಿದ್ದ, ಮೆಚ್ಚಿನ ಆನೆಗೆ ಆತಷ್ ಖಾನ್. ಕಿತಾಬ್-ಎ-ನೌರಸ್ ಅನ್ನುವ ಹಾಡುಗಳ ಪುಸ್ತಕ ಬರೆದ. ಜನ ಅವನನ್ನು ಜಗದ್ಗುರು ಬಾದಶಹ ಅಂತ ಕರೆದರು. ಫರ್ರುಖ್ ಬೇಗ್ ಬರೆದ ಚಿತ್ರವೊಂದರಲ್ಲಿ ಇವನು ತಂಬೂರಿ ನುಡಿಸುತ್ತಿದ್ದಾನೆ, ಅದು ಈಗ ಪ್ರಾಗ್ ನಗರದಲ್ಲಿದೆ. ಕೊರಳಿಗೆ ಹಿಗ್ಗಿಸಿ ನೋಡಿ, ಅಲ್ಲಿರುವುದು ರುದ್ರಾಕ್ಷಿ. ಅದೇ ಕಾಲದ ಮೊಗಲ್ ಬಾದಶಹನೊಬ್ಬನನ್ನು ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ತಾನಾಗಿಯೇ ಗೊತ್ತಾಗುತ್ತದೆ. ಅಲ್ಲಿ ಗೆರೆ ಬಿಗಿ, ಪ್ರತಿ ಒಡವೆಗೂ ಲೆಕ್ಕ. ಇಲ್ಲಿ ಬಟ್ಟೆ ಇಳಿಬಿದ್ದಿದೆ, ಶಾಲು ನೆಲ ಮುಟ್ಟುತ್ತದೆ, ಗಿಡಗಳು ಕನಸಿನಲ್ಲಿ ಬೆಳೆದಂತಿವೆ. ದಖನ್ನಿನ ಚಿತ್ರಗಳನ್ನು ಮೊಗಲ್ ಚಿತ್ರಗಳ ಬಡ ತಮ್ಮ ಅನ್ನುವಂತೆ ಬರೆಯುವುದನ್ನು ಅಲ್ಲಲ್ಲಿ ಓದಿದ್ದೇನೆ. ನನಗೆ ಅದು ಒಪ್ಪಿಗೆಯಿಲ್ಲ. ಇಬ್ರಾಹಿಂನ ಚಿತ್ರಗಳಷ್ಟು ಮೆತ್ತಗೆ ಒಬ್ಬ ಅರಸನನ್ನು ಬೇರೆ ಯಾರೂ ಬರೆಸಿಕೊಂಡಂತಿಲ್ಲ.

ಗಂಟು, ಮುತ್ತು, ಗಡ್ಡ

ಕಾಲ ಗುರುತಿಸಲು ಇವು ಮೂರು ತುಂಬ ಕೆಲಸಕ್ಕೆ ಬರುತ್ತವೆ.

ಜಾಮಾ ಅನ್ನುವ ನಿಲುವಂಗಿಯನ್ನು ಕಂಕುಳ ಕೆಳಗೆ ದಾರದಿಂದ ಕಟ್ಟುತ್ತಿದ್ದರು. ಮೊಗಲ್ ಆಸ್ಥಾನದಲ್ಲಿ ಮುಸ್ಲಿಮರು ಬಲಗಡೆಗೆ, ಹಿಂದೂಗಳು ಎಡಗಡೆಗೆ ಕಟ್ಟುವುದು ರೂಢಿ. ಬಲ ಅಂದರೆ ಚಿತ್ರದಲ್ಲಿರುವವನ ಬಲ. ಮೊದಮೊದಲು ನಾನು ನನ್ನ ಬಲಗಡೆ ಲೆಕ್ಕ ಹಿಡಿದು ಎಲ್ಲರನ್ನೂ ಅದಲುಬದಲು ಮಾಡುತ್ತಿದ್ದೆ. ಆಸ್ಥಾನದ ದೊಡ್ಡ ಗುಂಪಿನ ಚಿತ್ರಗಳಲ್ಲಿ ರಜಪೂತ ಸರದಾರರನ್ನು ಗುರುತಿಸಲು ಈ ಗಂಟು ಸಾಕು.

ಮುತ್ತು ಜಹಾಂಗೀರನಿಗೆ. 1614ರಲ್ಲಿ ಅವನಿಗೆ ಕಾಯಿಲೆಯಾಗಿ ವಾಸಿಯಾಯಿತು. ಅದು ಅಜ್ಮೀರಿನ ಖ್ವಾಜಾ ಮುಯಿನುದ್ದೀನ್ ಚಿಶ್ತಿಯವರ ಕೃಪೆ ಅಂತ ನಂಬಿ, ತಾನು ಅವರ ಗುಲಾಮ ಅನ್ನುವುದಕ್ಕೆ ಗುರುತಾಗಿ ಕಿವಿ ಚುಚ್ಚಿಸಿ ಮುತ್ತು ಹಾಕಿಕೊಂಡ. ತನ್ನ ಆತ್ಮಕತೆಯಲ್ಲಿ ತಾನೇ ಇದನ್ನು ಬರೆದಿದ್ದಾನೆ. ಅವನನ್ನು ನೋಡಿ ಆಸ್ಥಾನದವರೂ ಚುಚ್ಚಿಸಿಕೊಂಡರು. ಜಹಾಂಗೀರನ ಕಿವಿಯಲ್ಲಿ ಮುತ್ತು ಕಂಡರೆ ಚಿತ್ರ 1614ರ ಈಚೆಯದು ಅಂತ ಗುರುತು ಹಾಕಿಕೊಳ್ಳಿ. ಇಷ್ಟು ಖಚಿತವಾಗಿ ಕಾಲ ಹೇಳುವ ಗುರುತು ಬೇರೆ ಸಿಗುವುದು ಅಪರೂಪ.

ಇನ್ನು ಗಡ್ಡ. ಅಕ್ಬರ್ ಮತ್ತು ಜಹಾಂಗೀರರಿಗೆ ಮೀಸೆ ಮಾತ್ರ. ಷಹಜಹಾನನಿಗೆ ಒಪ್ಪವಾಗಿ ಕತ್ತರಿಸಿದ ಗಡ್ಡ, ವಯಸ್ಸಾದಂತೆ ಅದು ನರೆಯುತ್ತದೆ. ಇಳಿವಯಸ್ಸಿನ ಔರಂಗಜೇಬನದು ಪೂರ್ತಿ ಬಿಳಿ.

ಕಾಲ ಕೆಳಗೆ ನೋಡಲು ಮರೆಯಬೇಡಿ

ಬಿಚಿತ್ರ್ ಬರೆದ, ಮರಳು ಗಡಿಯಾರದ ಮೇಲೆ ಜಹಾಂಗೀರ್ ಕೂತಿರುವ ಚಿತ್ರವನ್ನು ತೆರೆಯಿರಿ. ಸ್ಮಿತ್‌ಸೋನಿಯನ್ನಿನ ಏಷ್ಯಾ ಕಲಾ ಮ್ಯೂಸಿಯಂ ಸಂಗ್ರಹದ್ದು, 1615ರಿಂದ 1618ರ ನಡುವಿನದು. ಇದನ್ನು ಒಂದು ಪಾಠದಂತೆ ಇಟ್ಟುಕೊಂಡು ನಿಧಾನವಾಗಿ ನೋಡಬಹುದು.

ಬಾದಶಹನ ತಲೆಯ ಹಿಂದೆ ಸೂರ್ಯ, ಅದನ್ನು ತಬ್ಬಿದ ಚಂದ್ರನ ರೇಖೆ. ಎದುರಿಗೆ ಎಡಬದಿಯಲ್ಲಿ ಮೇಲಿನಿಂದ ಕೆಳಗೆ ನಾಲ್ಕು ಜನ. ಎಲ್ಲಕ್ಕಿಂತ ಮೇಲೆ ಒಬ್ಬ ಮುದುಕ ಸೂಫಿ. ಬಾದಶಹ ಕೊಡುತ್ತಿರುವ ಪುಸ್ತಕವನ್ನು ಅವರು ಬರಿಗೈಯಲ್ಲಿ ಮುಟ್ಟದೆ ಬಟ್ಟೆಯಲ್ಲಿ ತೆಗೆದುಕೊಳ್ಳುತ್ತಿದ್ದಾರೆ. ಅವರ ಕೆಳಗೆ ತುರ್ಕಿಯ ಸುಲ್ತಾನ, ಕೈ ಜೋಡಿಸಿ ನಿಂತಿದ್ದಾನೆ. ಅವನ ಕೆಳಗೆ ಇಂಗ್ಲೆಂಡಿನ ದೊರೆ ಮೊದಲನೇ ಜೇಮ್ಸ್. ಕೊನೆಗೆ, ಮೂಲೆಯಲ್ಲಿ, ಹಳದಿ ಜಾಮಾ ತೊಟ್ಟ ಒಬ್ಬ, ಕೈಯಲ್ಲಿ ಒಂದು ಪುಟ್ಟ ಚಿತ್ರ. ಇವನೇ ಚಿತ್ರಕಾರ ಬಿಚಿತ್ರ್. ಜಾಮಾದ ಗಂಟು ಎಡಗಡೆಗಿದೆ, ಅಂದರೆ ಹಿಂದೂ. ಅವನ ಕೈಯ ಚಿತ್ರವನ್ನು ಇನ್ನೂ ಹಿಗ್ಗಿಸಿ. ಉಗುರಿನಷ್ಟು ಜಾಗದಲ್ಲಿ ಒಂದು ಆನೆ, ಎರಡು ಕುದುರೆ, ಮತ್ತೆ ಬಗ್ಗಿ ನಮಸ್ಕರಿಸುತ್ತಿರುವ ಒಬ್ಬ ಮನುಷ್ಯ. ಬಾದಶಹ ಕೊಟ್ಟ ಬಹುಮಾನಗಳು, ಅದಕ್ಕೆ ಅವನ ವಂದನೆ.

ಹೆಸರು ಎಲ್ಲಿ ಬರೆದಿದ್ದಾನೆ ಗೊತ್ತಾ? ಬಾದಶಹ ಕಾಲಿಟ್ಟು ಹತ್ತಬೇಕಾದ ಕಾಲುಮಣೆಯ ಮೇಲೆ. ಈ ಚಿತ್ರವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ, ಪ್ರತಿ ಸಲವೂ ಆ ಮೂಲೆಗೆ ಬಂದು ಕಣ್ಣು ನಿಲ್ಲುತ್ತದೆ. ಜಗತ್ತಿನ ದೊರೆಗಳನ್ನು ಸಾಲಾಗಿ ನಿಲ್ಲಿಸುವ ಅಧಿಕಾರ ಬಾದಶಹನದು, ಆ ಸಾಲಿನಲ್ಲಿ ಇಂಗ್ಲೆಂಡಿನ ದೊರೆಯ ಬಗಲಿಗೇ ತನ್ನನ್ನೂ ಸೇರಿಸಿಕೊಂಡ ಧೈರ್ಯ ಚಿತ್ರಕಾರನದು.

ಚಿತ್ರಕಾರ ಅಲ್ಲಿದ್ದನಾ?

ಇದು ನೀವು ಕೇಳಲೇಬೇಕಾದ ಪ್ರಶ್ನೆ. ಎಷ್ಟೋ ಸಲ ಉತ್ತರ, ಇಲ್ಲ.

ಅಬುಲ್ ಹಸನ್ 1618ರ ಸುಮಾರಿಗೆ ಬರೆದ ಚಿತ್ರದಲ್ಲಿ ಜಹಾಂಗೀರ್ ಇರಾನಿನ ಷಾ ಅಬ್ಬಾಸನನ್ನು ತಬ್ಬಿಕೊಂಡಿದ್ದಾನೆ. ಇವರಿಬ್ಬರು ಜೀವಮಾನದಲ್ಲಿ ಭೇಟಿಯಾಗಲೇ ಇಲ್ಲ. ಅದು ಜಹಾಂಗೀರನ ಕನಸು. ಅಬ್ಬಾಸನ ಮುಖ ಹೇಗಿದೆ ಅಂತ ಬರೆದು ತರಲು ಬಿಷನ್‌ದಾಸ್ ಅನ್ನುವ ಚಿತ್ರಕಾರನನ್ನು ರಾಯಭಾರಿಯ ಜೊತೆ 1613ರಲ್ಲಿ ಇರಾನಿಗೆ ಕಳಿಸಿದ್ದರು. ಇಬ್ಬರೂ ಭೂಗೋಳದ ಮೇಲೆ ನಿಂತಿದ್ದಾರೆ. ಜಹಾಂಗೀರನ ಕಾಲ ಕೆಳಗೆ ಸಿಂಹ, ಅಬ್ಬಾಸನ ಕಾಲ ಕೆಳಗೆ ಕುರಿ, ಎರಡೂ ಒಟ್ಟಿಗೆ ಮಲಗಿವೆ, ಶಾಂತಿ ಅನ್ನುವಂತೆ. ಆದರೆ ಸಿಂಹ ಎಷ್ಟು ದೂರ ಚಾಚಿಕೊಂಡಿದೆ, ಕುರಿಯನ್ನು ಎಲ್ಲಿಗೆ ತಳ್ಳಿದೆ ನೋಡಿ. ಜಹಾಂಗೀರ್ ಅಗಲವಾಗಿ ತುಂಬಿಕೊಂಡಿದ್ದರೆ ಅಬ್ಬಾಸ್ ಸಣಕಲು, ಬಗ್ಗಿದ್ದಾನೆ. ಇದಾಗಿ ನಾಲ್ಕೇ ವರ್ಷಕ್ಕೆ, 1622ರಲ್ಲಿ, ಅದೇ ಅಬ್ಬಾಸ್ ಮೊಗಲರ ಕೈಯಿಂದ ಕಂದಹಾರ್ ಕಿತ್ತುಕೊಂಡ.

ಇನ್ನೊಂದರಲ್ಲಿ ಜಹಾಂಗೀರ್ ಮಲಿಕ್ ಅಂಬರನ ಕತ್ತರಿಸಿದ ತಲೆಗೆ ಬಾಣ ಬಿಡುತ್ತಿದ್ದಾನೆ. ಅಹಮದ್‌ನಗರದ ಪರವಾಗಿ ನಿಂತು ಮೊಗಲರಿಗೆ ವರ್ಷಗಟ್ಟಲೆ ನಿದ್ದೆ ಕೊಡದ ಅಂಬರನನ್ನು ಅವರಿಗೆ ಹಿಡಿಯಲಾಗಲಿಲ್ಲ. 1626ರಲ್ಲಿ ಅವನು ವಯಸ್ಸಾಗಿ ತೀರಿಕೊಂಡ. ಗೆದ್ದದ್ದನ್ನೂ ಗೆಲ್ಲಲಾಗದ್ದನ್ನೂ ಚಿತ್ರಕಾರ ಒಂದೇ ಕುಂಚದಿಂದ, ಅಷ್ಟೇ ನಯವಾಗಿ ಬರೆದಿದ್ದಾನೆ. ಹಾಗಾಗಿ ಚಿತ್ರದ ಇಸವಿ ನೋಡಿ, ಆ ವರ್ಷ ನಿಜವಾಗಿ ಏನಾಯಿತು ಅಂತ ಒಂದು ಸಲ ಹುಡುಕಿ.

ಚಾಂದ್ ಬೀಬಿ ಕುದುರೆಯ ಮೇಲೆ ಗಿಡುಗ ಹಿಡಿದು ಹೋಗುವ ಚಿತ್ರಗಳು ನಿಮಗೂ ಕಂಡಿರಬಹುದು. ಬಾಲಕ ಇಬ್ರಾಹಿಂನ ಪರವಾಗಿ ವಿಜಯಪುರವನ್ನು ನೋಡಿಕೊಂಡ, ಆಮೇಲೆ ಅಹಮದ್‌ನಗರದ ಕೋಟೆಯನ್ನು ಮೊಗಲರಿಂದ ಕಾಪಾಡಿದ ಹೆಣ್ಣುಮಗಳು. ಆ ಚಿತ್ರಗಳಲ್ಲಿ ಹೆಚ್ಚಿನವು 18ನೇ ಶತಮಾನದವು, ಅವಳು ತೀರಿಕೊಂಡು ನೂರು ವರ್ಷದ ಮೇಲೆ ಆಗಿತ್ತು. ಅವಳ ಮುಖ ಹೇಗಿತ್ತು ಅಂತ ಅವು ಹೇಳಲಾರವು. ದಖನ್ನಿನ ಜನ ಅವಳನ್ನು ಎಷ್ಟು ಕಾಲ ನೆನಪಿಟ್ಟುಕೊಂಡರು ಅನ್ನುವುದನ್ನು ಹೇಳುತ್ತವೆ.

ಚಿತ್ರಕಾರ ನಿಜವಾಗಿಯೂ ಪಕ್ಕದಲ್ಲೇ ಇದ್ದರೆ ಏನಾಗುತ್ತದೆ ಅಂತ ನೋಡಬೇಕಾದರೆ ನೈನ್‌ಸುಖ್ ಬರೆದ ಚಿತ್ರಗಳನ್ನು ಹುಡುಕಿ. 18ನೇ ಶತಮಾನದ ನಡುವೆ, ಜಮ್ಮುವಿನ ಹತ್ತಿರದ ಜಸ್ರೋಟಾದ ಬಲವಂತ್ ಸಿಂಗನ ಜೊತೆ ಇದ್ದವನು. ಅಲ್ಲಿ ಭೂಗೋಳವಿಲ್ಲ, ಸಿಂಹವಿಲ್ಲ. ಅರಸ ಗಡ್ಡ ಕತ್ತರಿಸಿಕೊಳ್ಳುತ್ತಾನೆ, ಡೇರೆಯಲ್ಲಿ ಕೂತು ಪತ್ರ ಬರೆಯುತ್ತಾನೆ, ಚಿತ್ರವೊಂದನ್ನು ಕೈಗೆತ್ತಿಕೊಂಡು ನೋಡುತ್ತಾನೆ, ಹಿಂದೆ ಚಿತ್ರಕಾರ ನಿಂತಿದ್ದಾನೆ. 1763ರಲ್ಲಿ ಬಲವಂತ್ ಸಿಂಗ್ ತೀರಿಕೊಂಡಾಗ ಅವನ ಅಸ್ಥಿಯ ಜೊತೆ ನೈನ್‌ಸುಖ್ ಹರಿದ್ವಾರಕ್ಕೆ ಹೋದ. ಅಲ್ಲಿನ ತೀರ್ಥಪುರೋಹಿತರಾದ ಪಂಡಾಗಳ ವಹಿಯಲ್ಲಿ ತನ್ನ ಹೆಸರಿನ ಜೊತೆ ಒಂದು ಚಿತ್ರವನ್ನೂ ಬರೆದಿಟ್ಟು ಬಂದ.

ಅಂಚಿನ ಬರಹ

ಪರ್ಷಿಯನ್ ಬರದಿದ್ದರೂ ಬರಹ ಎಲ್ಲಿದೆ ಅಂತ ಗುರುತು ಮಾಡಿಕೊಳ್ಳಿ, ಅನುವಾದ ಮ್ಯೂಸಿಯಂನ ವಿವರಣೆಯಲ್ಲಿ ಸಿಗುತ್ತದೆ. ಅಕ್ಬರನ ಕಾಲದ ಹಾಳೆಗಳ ಕೆಳಗೆ ಒಂದಕ್ಕಿಂತ ಹೆಚ್ಚು ಹೆಸರು ಇರುವುದು ಸಾಮಾನ್ಯ. ರೂಪರೇಖೆ ಒಬ್ಬನದು, ಬಣ್ಣ ಇನ್ನೊಬ್ಬನದು, ಮುಖ ಬರೆಯಲು ಮೂರನೆಯವನು. ಮುಖಕ್ಕೆ ಅಂತಲೇ ಬೇರೆ ಕೈ ಇತ್ತು. ಜಹಾಂಗೀರನಂತೂ ಒಂದೇ ಮುಖದಲ್ಲಿ ಕಣ್ಣು ಒಬ್ಬ, ಹುಬ್ಬು ಇನ್ನೊಬ್ಬ ಬರೆದಿದ್ದರೂ ಯಾವುದು ಯಾರದು ಹೇಳಬಲ್ಲೆ ಅಂತ ಬರೆದುಕೊಂಡಿದ್ದಾನೆ. ಪ್ರಾಗ್‌ನಲ್ಲಿರುವ ಇಬ್ರಾಹಿಂ ಚಿತ್ರದ ಮೇಲೆ ಮೊಗಲರು ಬರೆಸಿದ ಸಾಲಿನಲ್ಲಿ ಅವನ ಸಂಗೀತವನ್ನು ಹೊಗಳಿದ್ದಾರೆ, ಆದರೆ ಹೆಸರು ಇಬ್ರಾಹಿಂ ಆದಿಲ್ ಖಾನ್. ಷಾ ಅನ್ನುವ ಪದವಿಯನ್ನು ಅವನಿಗೆ ಬಿಟ್ಟುಕೊಡಲು ಮೊಗಲರಿಗೆ ಮನಸ್ಸಿರಲಿಲ್ಲ.

ಈಗ ಮುಖ ನೋಡಿ. ಎರಡು ಕಣ್ಣೂ ಕಾಣುವ ಮುಕ್ಕಾಲು ಮುಖವೋ, ಒಂದೇ ಕಣ್ಣು ಕಾಣುವ ಪಕ್ಕದ ಮುಖವೋ? ಅಕ್ಬರನ ಕಾಲದಲ್ಲಿ ಮುಕ್ಕಾಲು ಮುಖ ಜಾಸ್ತಿ, ಜಹಾಂಗೀರನಿಂದ ಈಚೆಗೆ ಬಾದಶಹರಿಗೆ ಪಕ್ಕದ ಮುಖವೇ ಕಾಯಂ ಆಯಿತು. ನಾಣ್ಯದ ಮೇಲಿನಂತೆ, ಅಲುಗಾಡದ ಮುಖ. ಕಿವಿಯ ಮುಂದಿನ ಕೂದಲನ್ನು ಹಿಗ್ಗಿಸಿ ನೋಡಿ, ಒಂದೊಂದು ಎಳೆಯೂ ಬೇರೆ. ಇಲ್ಲಿಯವರೆಗೆ ಓದಿದ್ದೆಲ್ಲ ತಲೆಯಲ್ಲಿರುವಾಗ ಆ ಮುಖ ಪರಿಚಯದವರದಂತೆ ಕಾಣುತ್ತದೆ.

ಕೊಳ್ಳುವವರಿಗೆ

ಪ್ರವಾಸಕ್ಕೆ ಹೋದಾಗ ನಾನೂ ಒಂದು ಕೊಂಡೆ. ಇನ್ನೂರು ವರ್ಷ ಹಳೆಯದು ಅಂದಿದ್ದರು. ಹಳದಿ ತಿರುಗಿದ ಕಾಗದ, ತುಂಬ ಉರ್ದು ಬರಹ, ನಡುವೆ ಬಾದಶಹ. ಊರಿಗೆ ಬಂದು ಉರ್ದು ಬಲ್ಲವರಿಗೆ ತೋರಿಸಿದರೆ ಅದು ಜಮೀನಿನ ಕಾಗದ. ಹಳೇ ದಾಖಲೆಗಳ ಮೇಲೆ ಈಗಿನವರು ಬರೆಯುವ ಚಿತ್ರ. ಬರಹಕ್ಕೂ ಚಿತ್ರಕ್ಕೂ ಸಂಬಂಧವಿದೆಯಾ, ಬಣ್ಣ ಬರಹದ ಮೇಲೆ ಹತ್ತಿ ಕೂತಿದೆಯಾ ನೋಡಿದ್ದರೆ ಅಲ್ಲೇ ತಿಳಿಯುತ್ತಿತ್ತು. ಹೊಸ ಚಿತ್ರ ಕೊಳ್ಳುವುದರಲ್ಲಿ ತಪ್ಪಿಲ್ಲ, ಅದನ್ನು ಬರೆದವರ ಕೈಯೂ ಪಳಗಿದ ಕೈಯೇ. ಹೊಸದು ಅಂತ ತಿಳಿದು, ಹೊಸದರ ಬೆಲೆ ಕೊಟ್ಟು ಕೊಳ್ಳಿ. ನಿಜವಾಗಿಯೂ ನೂರು ವರ್ಷ ದಾಟಿದ ಚಿತ್ರವನ್ನು ದೇಶದ ಹೊರಗೆ ಒಯ್ಯಲು 1972ರ ಪುರಾತನ ವಸ್ತುಗಳ ಕಾಯಿದೆ ಬಿಡುವುದಿಲ್ಲ. ವಿದೇಶದಲ್ಲಿರುವ ನೆಂಟರಿಗೆ ಉಡುಗೊರೆ ಅಂತ ಯೋಚಿಸುವವರು ಇದನ್ನು ನೆನಪಿಡಿ.

ಕಣ್ಣಾರೆ ನೋಡಬೇಕು ಅನ್ನುವವರಿಗೆ ಹೈದರಾಬಾದಿನ ಸಾಲಾರ್ ಜಂಗ್, ಮುಂಬೈಯ ಛತ್ರಪತಿ ಶಿವಾಜಿ ವಸ್ತುಸಂಗ್ರಹಾಲಯ, ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯ ಇವೆ. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಯಲ್ಲಿ ಒಡೆಯರ ವಂಶವನ್ನೇ ಕಮಲದ ರೂಪದಲ್ಲಿ ಬರೆದ ಸಂತಾನಾಂಬುಜ ಇದೆ. ಅಳತೆಯಲ್ಲಿ ಚಿಕಣಿಯಲ್ಲ, ಆದರೆ ಇದೇ ಕ್ರಮದಲ್ಲಿ ಓದಬಹುದು.

ಮೊದಲ ಅಭ್ಯಾಸಕ್ಕೆ ಮೆಟ್ರೋಪಾಲಿಟನ್ ಮ್ಯೂಸಿಯಂನ ತಾಣದಲ್ಲಿ ‘ಹೌಸ್ ಆಫ್ ಬಿಜಾಪುರ್’ ಅಂತ ಹುಡುಕಿ. ಕಮಾಲ್ ಮುಹಮ್ಮದ್ ಮತ್ತು ಚಾಂದ್ ಮುಹಮ್ಮದ್ ಇಬ್ಬರೂ ಸೇರಿ 1680ರ ಸುಮಾರಿಗೆ ಬರೆದದ್ದು. ಆದಿಲ್‌ಶಾಹಿಯ ಒಂಬತ್ತು ಸುಲ್ತಾನರೂ ಒಂದೇ ಸಭೆಯಲ್ಲಿ ಕೂತಿದ್ದಾರೆ, ಬೇರೆ ಬೇರೆ ಕಾಲದಲ್ಲಿ ಆಳಿದವರು. ನಡುವೆ ಮೂಲಪುರುಷ ಯೂಸುಫ್. ಅವನಿಗೆ ಒಂದು ಕೀಲಿಕೈ ಕೊಡುತ್ತಿರುವವನು ಇರಾನಿನ ಷಾ ಇಸ್ಮಾಯಿಲ್ ಅನ್ನುತ್ತಾರೆ. ದೂರದಲ್ಲಿ ಸಮುದ್ರ, ಒಂದು ಕಾಲಕ್ಕೆ ರಾಜ್ಯ ಅಲ್ಲಿಯವರೆಗೂ ಇತ್ತು. ಕೈಗಳನ್ನು ನೋಡಿ, ಕಣ್ಣುಗಳ ಜಾಡು ಹಿಡಿಯಿರಿ, ಆಮೇಲೆ ಅಂಚಿಗೆ ಬನ್ನಿ. ಅಲ್ಲಿ ಒಬ್ಬ ಹುಡುಗ ಇದ್ದಾನೆ. ಅವನು ಸಿಕಂದರ್, ಚಿತ್ರ ಬರೆಯುವಾಗ ಪಟ್ಟದಲ್ಲಿದ್ದವನು. 1686ರಲ್ಲಿ ಔರಂಗಜೇಬ್ ವಿಜಯಪುರವನ್ನು ತೆಗೆದುಕೊಂಡದ್ದು ಇವನಿಂದ.